ಪುಟದ ಮೇಲಣ ಪಾರದರ್ಶಕ ಪದರ

1993ರಲ್ಲಿ ಅಡೋಬಿ ಸಂಸ್ಥೆಯು ಪಿಡಿಎಫ್ ಎಂಬ ಕಡತರೂಪವನ್ನು ಲೋಕಕ್ಕೆ ನೀಡಿದ ಮೇಲೆ ಬಹುಕಾಲ, ಜಾಲದಲ್ಲಿ ದೊರೆತ ಅಂಥ ಕಡತವನ್ನು ಓದಬಯಸಿದವನು ಬ್ರೌಸರಿಗೆ ಹೊರಗಿನ ಪ್ಲಗಿನ್ನೊಂದನ್ನು ಜೋಡಿಸಿ, ಅದರ ಮಂದಗತಿಯನ್ನೂ ಭದ್ರತೆಯ ಬಿರುಕುಗಳನ್ನೂ ಸಹಿಸಬೇಕಾಗಿದ್ದಿತು. 2011ರಲ್ಲಿ ಮೊಜಿಲ್ಲಾದ ಆಂಡ್ರಿಯಾಸ್ ಗಾಲ್ ಮತ್ತು ಕ್ರಿಸ್ ಜೋನ್ಸ್ ಎಂಬವರು, ಜಾವಾಸ್ಕ್ರಿಪ್ಟಿನಿಂದಲೇ ಪುಟವನ್ನು ಚಿತ್ರಿಸಬಲ್ಲ ಪಿಡಿಎಫ್.ಜೆಎಸ್ ಎಂಬ ಸಾಧನಕ್ಕೆ, ಸಾಹಸವೆಂದೇ ಹೇಳಬೇಕು, ಕೈಹಾಕಿದರು. 2013ರಲ್ಲಿ ಅದು ಮೊಜಿಲ್ಲಾದ ಬ್ರೌಸರಾದ ಫೈರ್‌ಫಾಕ್ಸಿನ 19ನೆಯ ಆವೃತ್ತಿಯ ಸಹಜಾಂಗವಾಯಿತು. ಚಿತ್ರವಾಗಿ ಮೂಡಿದ ಪುಟದ ಮೇಲೆ, ಕಡತದಿಂದ ಹೊರತೆಗೆದ ಅಕ್ಷರಗಳನ್ನೇ ಪಾರದರ್ಶಕವಾಗಿ ಹಾಸಿ, ಹುಡುಕಿದ ಪದವನ್ನು ಅದರ ಸ್ಥಾನದಲ್ಲಿಯೇ ಬಣ್ಣಗೊಳಿಸಿ ತೋರುವುದರಲ್ಲಿದೆ ಅದರ ನಿಜವಾದ ಚಾತುರ್ಯ. ಆದರೆ ಯುನಿಕೋಡ್ ಎಂಬ ಸಾರ್ವತ್ರಿಕ ಅಕ್ಷರಸಂಕೇತವನ್ನು ಬಳಸದ ಹಳೆಯ ‘ನುಡಿ’ ಕನ್ನಡ ಫಾಂಟುಗಳಲ್ಲಿ ಸಿದ್ಧವಾದ ನಮ್ಮ ಎಷ್ಟೋ ಕಡತಗಳಲ್ಲಿ, ಕಣ್ಣಿಗೆ ಶುದ್ಧ ಕನ್ನಡವಾಗಿ ತೋರುವುದು ಒಳಗೆ ಲ್ಯಾಟಿನ್ ಸಂಕೇತಗಳ ಕಲಸುಮೇಲೋಗರವಾಗಿರುವುದರಿಂದ, ಯುನಿಕೋಡಿನಲ್ಲಿ ಬರೆದು ಹುಡುಕಿದ ಪದವು ಎದುರಿಗಿದ್ದರೂ ಸಿಕ್ಕದು.