ಸೈನ್ ಬಾರ್

ಸೈನ್ ಬಾರ್ ಯಂತ್ರಾಗಾರಗಳಲ್ಲಿ ಕೋನಗಳನ್ನು ನಿಖರವಾಗಿ ಅಳೆಯಲು ಬಳಸುವ ಉಪಕರಣ. ಗಡಸುಗೊಳಿಸಿದ ಉಕ್ಕಿನ ಪಟ್ಟಿಯ ಎರಡು ತುದಿಗಳಲ್ಲಿ ಸಮಾನ ವ್ಯಾಸದ ಉರುಳೆಗಳಿರುತ್ತವೆ. ಉರುಳೆಗಳ ಕೇಂದ್ರಗಳ ಅಂತರ ಸಾಮಾನ್ಯವಾಗಿ 100 ಅಥವಾ 200 ಮಿ.ಮೀ. ಇರುತ್ತದೆ. ವರ್ನಿಯರ್ ಬೆವೆಲ್ ಪ್ರೊಟ್ರ್ಯಾಕ್ಟರಿನ ಕನಿಷ್ಠ ಅಳತೆ 5 ಮಿನಿಟು. ಸೈನ್ ಬಾರ್ ಸೆಕೆಂಡುಗಳ ಮಟ್ಟದ ನಿಖರತೆ ನೀಡಬಲ್ಲದು.

ತತ್ತ್ವ

ಒಂದು ಉರುಳೆಯನ್ನು ಸರ್ಫೇಸ್ ಪ್ಲೇಟಿನ ಮೇಲಿರಿಸಿ, ಇನ್ನೊಂದರ ಕೆಳಗೆ ಸ್ಲಿಪ್ ಗೇಜುಗಳನ್ನಿಟ್ಟಾಗ ಲಂಬಕೋನ ತ್ರಿಭುಜ ಏರ್ಪಡುತ್ತದೆ. ಕೇಂದ್ರಗಳ ಅಂತರವೇ ವಿಕರ್ಣ, ಗೇಜುಗಳ ಎತ್ತರವೇ ಅಭಿಮುಖ ಬಾಹು. ಎತ್ತರವನ್ನು ಅಂತರದಿಂದ ಭಾಗಿಸಿದರೆ ಕೋನದ ಸೈನ್ ಬೆಲೆ ದೊರೆಯುತ್ತದೆ. 200 ಮಿ.ಮೀ. ಬಾರನ್ನು 30 ಡಿಗ್ರಿಗೆ ಹೊಂದಿಸಲು 100 ಮಿ.ಮೀ. ಎತ್ತರ ಬೇಕು. ಇಳಿಜಾರುಳ್ಳ ಬಿಡಿಭಾಗವನ್ನು ಬಾರಿನ ಮೇಲಿರಿಸಿ, ಡಯಲ್ ಗೇಜನ್ನು ಅದರ ಮೇಲ್ಮೈಯ ಉದ್ದಕ್ಕೂ ಸರಿಸಿದಾಗ ಮುಳ್ಳು ಕದಲದಿದ್ದರೆ ಕೋನ ಸರಿಯಾಗಿದೆ ಎಂದರ್ಥ.

ಮಿತಿ

ಕೋನ ಹೆಚ್ಚಿದಂತೆ ದೋಷವೂ ಹೆಚ್ಚುತ್ತದೆ. 200 ಮಿ.ಮೀ. ಬಾರಿನಲ್ಲಿ ಎತ್ತರವು 0.01 ಮಿ.ಮೀ. ತಪ್ಪಿದರೆ, 30 ಡಿಗ್ರಿಯಲ್ಲಿ ಕೋನವು ಸುಮಾರು 12 ಸೆಕೆಂಡು, 60 ಡಿಗ್ರಿಯಲ್ಲಿ ಸುಮಾರು 21 ಸೆಕೆಂಡು ತಪ್ಪುತ್ತದೆ. ಆದುದರಿಂದ 45 ಡಿಗ್ರಿ ಮೀರಿದಾಗ ಪೂರಕ ಕೋನವನ್ನು ಅಳೆಯುವುದು ರೂಢಿ. ಗೇಜುಗಳನ್ನೂ ನಿಯತವಾಗಿ ಮಾನಕಗಳೊಡನೆ ತಾಳೆ ನೋಡಬೇಕು. ಬೆಂಗಳೂರಿನ ಕೇಂದ್ರೀಯ ಉತ್ಪಾದನಾ ತಂತ್ರಜ್ಞಾನ ಸಂಸ್ಥೆಯಲ್ಲಿ ಈ ಸೌಲಭ್ಯವಿದೆ.

ಕಲಿಕೆ

ಐಟಿಐಗಳ ಫಿಟ್ಟರ್, ಟರ್ನರ್, ಮೆಷಿನಿಸ್ಟ್ ವೃತ್ತಿಗಳ ಪಠ್ಯಕ್ರಮದಲ್ಲಿ ಸೈನ್ ಬಾರ್ ಸೇರಿದೆ. ಇದಕ್ಕೆ ಬೇಕಾದ ಗಣಿತ ಹೊಸತಲ್ಲ: ಶಿವಮೊಗ್ಗ ಜಿಲ್ಲೆಯ ಸಾಗರ, ಹೊಸನಗರ, ತೀರ್ಥಹಳ್ಳಿ ಸೇರಿದಂತೆ ರಾಜ್ಯದೆಲ್ಲೆಡೆ ಹತ್ತನೆಯ ತರಗತಿಯ ಮಕ್ಕಳು ಕಲಿಯುವ ತ್ರಿಕೋನಮಿತಿಯೇ ಸಾಕಾಗುತ್ತದೆ.