ಸ್ಪೋರ್ಟ್ಸ್ ಕಾರಿಗೆ ಮಾಡಿಫಿಕೇಶನ್ ಮಾಡಿಸಬೇಕೇ? ಮೊದಲು ಈ ಲೆಕ್ಕ ನೋಡಿ

ದುಬೈ: ದೇರಾದ ಅಲ್ ಮುರಕ್ಕಬಾತ್‌ನ ಒಳರಸ್ತೆಗಳಲ್ಲಿ ರಾತ್ರಿ ಪಾರ್ಕಿಂಗ್ ಸಾಲು ನೋಡಿದರೆ ಸನ್ನಿ, ಕೊರೊಲಾಗಳ ನಡುವೆ ಒಂದಾದರೂ ಮಸ್ಟಾಂಗ್ ಕಾಣುತ್ತದೆ. ಸ್ಪೋರ್ಟ್ಸ್ ಕಾರು ದೊಡ್ಡವರಿಗೆ ಮಾತ್ರ ಎಂಬ ಕಾಲ ಹೋಯಿತು. ಅಲ್ ಅವೀರ್‌ನ ಸೆಕೆಂಡ್ ಹ್ಯಾಂಡ್ ಮಾರ್ಕೆಟ್ ಮತ್ತು ಬ್ಯಾಂಕ್ ಸಾಲ ಸೇರಿದರೆ ಸಂಬಳಕ್ಕೆ ದುಡಿಯುವ ನಮ್ಮ ಹುಡುಗರಿಗೂ ಅದು ಕೈಗೆಟಕುತ್ತದೆ. ಇಲ್ಲೇ ಹುಟ್ಟಿ ಬೆಳೆದ ಮಕ್ಕಳಿಗಂತೂ ಅದೇ ಕನಸು. ಕಾರು ಬಂದ ಮೂರನೇ ತಿಂಗಳಿಗೆ ಮುಂದಿನ ಪ್ರಶ್ನೆ ಏಳುತ್ತದೆ: ಕಂಪನಿಯಿಂದ ಬಂದ ಹಾಗೆಯೇ, ಅಂದರೆ ಸ್ಟಾಕ್ ಆಗಿ ಇಟ್ಟುಕೊಳ್ಳುವುದಾ, ಇಲ್ಲ ಇಂಜಿನ್ ಟ್ಯೂನ್ ಮಾಡಿಸಿ ಸೈಲೆನ್ಸರ್ ಬದಲಿಸುವುದಾ?

ನಾನು ಲೆಕ್ಕ ಬರೆಯುವವನು, ಮೆಕ್ಯಾನಿಕ್ ಅಲ್ಲ. ಆದ್ದರಿಂದ ಇಲ್ಲಿ ಲೆಕ್ಕದ ಕಡೆಯಿಂದಲೇ ಹೇಳುತ್ತೇನೆ. ಗ್ಯಾರೇಜ್ ಕೊಡುವ ಕೊಟೇಶನ್‌ನಲ್ಲಿ ಇರುವುದು ಖರ್ಚಿನ ಒಂದು ಪಾಲು ಮಾತ್ರ. ಉಳಿದ ಪಾಲು ಲೈಸೆನ್ಸ್, ಇನ್ಶೂರೆನ್ಸ್ ಮತ್ತು ಕಾರು ಮಾರುವ ದಿನ ಹೊರಗೆ ಬರುತ್ತದೆ.

ಮಾಡಿಫಿಕೇಶನ್ ಅಂದರೆ ಏನೇನು?

ಟರ್ಬೊ ಇರುವ ಇಂಜಿನ್‌ಗೆ ಮೊದಲು ಮಾಡುವುದು ಇಸಿಯು ಟ್ಯೂನಿಂಗ್. ಇಂಜಿನ್ನಿನ ಕಂಪ್ಯೂಟರ್‌ಗೆ ಹೊಸ ಪ್ರೋಗ್ರಾಂ ಹಾಕಿ ಟರ್ಬೊ ಒತ್ತಡ ಹೆಚ್ಚಿಸುತ್ತಾರೆ. ಎರಡನೇ ಹಂತದಲ್ಲಿ ಸೈಲೆನ್ಸರ್ ಪೈಪ್ ಬದಲಾಗುತ್ತದೆ, ಹಲವರು ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರನ್ನೇ ತೆಗೆಸುತ್ತಾರೆ. ಮೂರನೆಯದು ದೊಡ್ಡ ಟರ್ಬೊ, ಹೊಸ ಇಂಜೆಕ್ಟರ್, ಕ್ಲಚ್. ಇದರ ಜೊತೆಗೆ ಕಾರು ತಗ್ಗಿಸುವ ಸಸ್ಪೆನ್ಶನ್, ಅಗಲ ಚಕ್ರ, ಗಾಜಿಗೆ ಟಿಂಟ್, ಬಣ್ಣದ ರ್ಯಾಪ್.

ಒಂದು ವಿಷಯ ನೆನಪಿರಲಿ. ಜಿಸಿಸಿ ಸ್ಪೆಕ್ ಕಾರಿನ ರೇಡಿಯೇಟರ್, ಎಸಿ ಎಲ್ಲ ಇಲ್ಲಿಯ ಬಿಸಿಲಿಗೆ ಹೊಂದಿಸಿ ಬಂದಿರುತ್ತವೆ. ಶಕ್ತಿ ಹೆಚ್ಚಿಸಿದರೆ ಶಾಖವೂ ಹೆಚ್ಚುತ್ತದೆ. ಆಗಸ್ಟ್ ತಿಂಗಳ 45 ಡಿಗ್ರಿಯಲ್ಲಿ, ಅಲ್ ರಿಗ್ಗಾ ರಸ್ತೆಯ ಟ್ರಾಫಿಕ್‌ನಲ್ಲಿ ನಿಂತಾಗ ಆ ಶಾಖ ಹೋಗಬೇಕಾದ ದಾರಿ ಮೊದಲಿನಷ್ಟೇ ಇರುತ್ತದೆ. ಅದಕ್ಕೇ ಟ್ಯೂನಿಂಗ್ ಒಂದರಲ್ಲಿ ಕೆಲಸ ಮುಗಿಯುವುದಿಲ್ಲ. ಇಂಟರ್‌ಕೂಲರ್, ಆಯಿಲ್ ಕೂಲರ್, ಬ್ರೇಕ್ ಅಂತ ಒಂದರ ಹಿಂದೆ ಒಂದು ಬಿಲ್ ಬರುತ್ತದೆ.

ಕಾನೂನು ಏನು ಹೇಳುತ್ತದೆ?

ಯುಎಇಯ 2017ರ ಟ್ರಾಫಿಕ್ ನಿಯಮಾವಳಿ (ಸಚಿವಾಲಯದ ನಿರ್ಣಯ ಸಂಖ್ಯೆ 178) ಹೀಗೆ ಹೇಳುತ್ತದೆ:

- ಅನುಮತಿ ಇಲ್ಲದೆ ಇಂಜಿನ್ ಅಥವಾ ಚಾಸಿಯಲ್ಲಿ ಬದಲಾವಣೆ: 1,000 ದಿರ್ಹಂ ದಂಡ, 12 ಬ್ಲ್ಯಾಕ್ ಪಾಯಿಂಟ್, 30 ದಿನ ಕಾರು ಜಪ್ತಿ.
- ಗದ್ದಲ ಮಾಡುವ ವಾಹನ: 2,000 ದಿರ್ಹಂ ದಂಡ, 12 ಬ್ಲ್ಯಾಕ್ ಪಾಯಿಂಟ್.
- ಗಾಜಿಗೆ ಶೇ. 50ಕ್ಕಿಂತ ಹೆಚ್ಚು ಟಿಂಟ್: 1,500 ದಿರ್ಹಂ ದಂಡ.
- ಅವಧಿ ಮೀರಿದ ಟಯರ್: 500 ದಿರ್ಹಂ, 4 ಪಾಯಿಂಟ್, 7 ದಿನ ಜಪ್ತಿ.

ಇದರ ಮೇಲೆ ದುಬೈಯಲ್ಲಿ 2023ರ ಡಿಕ್ರಿ ಸಂಖ್ಯೆ 30 ಇದೆ. ವೇಗ ಅಥವಾ ಶಬ್ದ ಹೆಚ್ಚುವಂತೆ ಕಾರನ್ನು ಬದಲಿಸಿ ಜಪ್ತಿಯಾದರೆ ಬಿಡಿಸಿಕೊಳ್ಳಲು 10,000 ದಿರ್ಹಂ ಕಟ್ಟಬೇಕು. ಅಬುಧಾಬಿಯಲ್ಲೂ 2020ರ ಕಾನೂನು ಸಂಖ್ಯೆ 5ರ ಪ್ರಕಾರ ಬಿಡುಗಡೆ ಮೊತ್ತ ಇಷ್ಟೇ. ಮೂರು ತಿಂಗಳಲ್ಲಿ ಕಟ್ಟದಿದ್ದರೆ ಕಾರು ಹರಾಜಿಗೆ ಹೋಗುತ್ತದೆ.

ಈಗ ಕೂಡಿಸಿ ನೋಡಿ. ಒಂದೇ ರಾತ್ರಿ ಒಂದೇ ಕಾರಿಗೆ ಮಾಡಿಫಿಕೇಶನ್ ಮತ್ತು ಶಬ್ದ ಎರಡೂ ಮುಖಾಲಫ ಬಿದ್ದರೆ 1,000 + 2,000 + 10,000, ಒಟ್ಟು 13,000 ದಿರ್ಹಂ. ಹಣ ಹೇಗೋ ಹೊಂದಿಸಬಹುದು ಅನ್ನಿ. ಆದರೆ 12 + 12 ಪಾಯಿಂಟ್ ಸೇರಿದರೆ 24. ಒಂದು ವರ್ಷದೊಳಗೆ 24 ಆದರೆ ಲೈಸೆನ್ಸ್ ಅಮಾನತು, ಮೊದಲ ಸಲಕ್ಕೆ 3 ತಿಂಗಳು. ಸೇಲ್ಸ್‌ಮ್ಯಾನ್, ಡ್ರೈವರ್, ಸೈಟ್ ಸೂಪರ್‌ವೈಸರ್ ಕೆಲಸದಲ್ಲಿರುವವನಿಗೆ ಲೈಸೆನ್ಸ್ ಅಂದರೆ ಅನ್ನ. ಮೂರು ತಿಂಗಳು ಗಾಡಿ ಓಡಿಸದ ಸೇಲ್ಸ್‌ಮ್ಯಾನನ್ನು ಯಾವ ಕಂಪನಿ ಇಟ್ಟುಕೊಳ್ಳುತ್ತದೆ? ಊರಿನಲ್ಲಿ ಆ ಸಂಬಳ ನಂಬಿದವರಿಗೆ ಸೈಲೆನ್ಸರ್ ಸದ್ದು ಕೇಳಿಸಿರುವುದೇ ಇಲ್ಲ.

ಹೊಸ ಫೆಡರಲ್ ಟ್ರಾಫಿಕ್ ಕಾನೂನು (2024ರ ಡಿಕ್ರಿ ಕಾನೂನು ಸಂಖ್ಯೆ 14) 2025ರ ಮಾರ್ಚ್ 29ರಿಂದ ಜಾರಿಯಲ್ಲಿದೆ. ದಂಡದ ಮೊತ್ತ ಬದಲಾಗುತ್ತಿರುತ್ತದೆ, ಆದ್ದರಿಂದ ಕೆಲಸ ಶುರು ಮಾಡುವ ದಿನ ದುಬೈ ಪೊಲೀಸ್ ಆ್ಯಪ್‌ನಲ್ಲಿ ಒಮ್ಮೆ ನೋಡಿಕೊಳ್ಳಿ.

ಇನ್ಶೂರೆನ್ಸ್: ದೊಡ್ಡ ಅಪಾಯ ಇಲ್ಲಿದೆ

ಇಲ್ಲಿಯ ಏಕರೂಪ ಮೋಟಾರ್ ಪಾಲಿಸಿಯಲ್ಲಿ ಒಂದು ಷರತ್ತು ಇದೆ. ಮುಖ್ಯ ಮಾಹಿತಿ ಮುಚ್ಚಿಟ್ಟು ಪಾಲಿಸಿ ಮಾಡಿದ್ದು ಸಾಬೀತಾದರೆ, ಕಂಪನಿ ಎದುರಿನವರಿಗೆ ಪರಿಹಾರ ಕೊಟ್ಟ ಮೇಲೆ ಆ ಹಣವನ್ನು ನಿಮ್ಮಿಂದ ವಸೂಲಿ ಮಾಡಬಹುದು. ಹೇಳದೆ ಮಾಡಿಸಿದ ಇಂಜಿನ್ ಟ್ಯೂನಿಂಗ್ ಈ ವಾದಕ್ಕೆ ಸುಲಭ ಆಧಾರ ಆಗುತ್ತದೆ. ನಿಮ್ಮ ಕಾರಿನ ರಿಪೇರಿ ಕ್ಲೇಮ್ ತಿರಸ್ಕಾರವಾಗುವುದು ಬೇರೆ.

ಅಪಘಾತದಲ್ಲಿ ಜೀವ ಹೋದರೆ ಯುಎಇಯಲ್ಲಿ ದಿಯಾ ಹಣ 2 ಲಕ್ಷ ದಿರ್ಹಂ. ಸಾಮಾನ್ಯವಾಗಿ ಇದನ್ನು ಇನ್ಶೂರೆನ್ಸ್ ಕಂಪನಿ ಕಟ್ಟುತ್ತದೆ. ಆ ಹಣ ಮರಳಿ ನಿಮ್ಮ ಮೇಲೆ ಬಂದರೆ ಎಷ್ಟು ವರ್ಷದ ದುಡಿಮೆ ಎಂದು ನೀವೇ ಲೆಕ್ಕ ಹಾಕಿ. ಆದ್ದರಿಂದ ಯಾವ ಬದಲಾವಣೆ ಮಾಡಿಸಿದರೂ ಮೊದಲೇ ಕಂಪನಿಗೆ ತಿಳಿಸಿ, ಪಾಲಿಸಿಗೆ ಎಂಡಾರ್ಸ್‌ಮೆಂಟ್ ಪತ್ರ ಪಡೆಯಿರಿ. ಏಜೆಂಟ್ ಫೋನಿನಲ್ಲಿ "ನೋ ಪ್ರಾಬ್ಲಂ ಬಾಯ್" ಅಂದದ್ದು ಕ್ಲೇಮ್ ದಿನ ಕೆಲಸಕ್ಕೆ ಬರುವುದಿಲ್ಲ.

ವಾರಂಟಿ ಕಥೆಯೂ ಹೀಗೇ. ಇಸಿಯು ಪ್ರೋಗ್ರಾಂ ಹಿಂದಕ್ಕೆ ಹಾಕಿಸಿದರೆ ಗೊತ್ತಾಗುವುದಿಲ್ಲ ಎಂಬ ಮಾತು ನಂಬಬೇಡಿ. ಹಲವು ಕಾರುಗಳ ಕಂಪ್ಯೂಟರ್‌ನಲ್ಲಿ ಅದರ ಗುರುತು ಉಳಿಯುತ್ತದೆ, ಏಜೆನ್ಸಿಯವರಿಗೆ ಕಾಣುತ್ತದೆ.

ಹಣದ ಲೆಕ್ಕ

ಸೆಂಟ್ರಲ್ ಬ್ಯಾಂಕ್ ನಿಯಮದಂತೆ ಕಾರಿನ ಬೆಲೆಯ ಶೇ. 80ರವರೆಗೆ, ಗರಿಷ್ಠ 60 ತಿಂಗಳಿಗೆ ಸಾಲ ಸಿಗುತ್ತದೆ. ಮಾಡಿಫಿಕೇಶನ್‌ಗೆ ಕಾರು ಸಾಲ ಸಿಗುವುದಿಲ್ಲ. ಆಗ ಹೆಚ್ಚಿನವರು ಕ್ರೆಡಿಟ್ ಕಾರ್ಡ್ ಉಜ್ಜುತ್ತಾರೆ. ಉದಾಹರಣೆಗೆ 15,000 ದಿರ್ಹಂ ಕೆಲಸ, ತಿಂಗಳಿಗೆ ಶೇ. 3 ಬಡ್ಡಿ ಎಂದಿಟ್ಟುಕೊಳ್ಳಿ. ಮೊದಲ ತಿಂಗಳ ಬಡ್ಡಿಯೇ 450 ದಿರ್ಹಂ.

ಪುಸ್ತಕದಲ್ಲಿ ಬರೆಯುವುದಾದರೆ ಈ 15,000 ಆಸ್ತಿಯ ಕಡೆ ಬರುವುದಿಲ್ಲ, ಪೂರ್ತಿ ಖರ್ಚು. ಕಾರು ಮಾರುವಾಗ ಕೊಳ್ಳುವವನು ಅದಕ್ಕೆ ಹೆಚ್ಚು ಕೊಡುವುದು ಅಪರೂಪ. ಬದಲಿಗೆ "ಎಷ್ಟು ಎಳೆದಿದ್ದಾನೋ ಏನೋ" ಅಂತ ಬೆಲೆ ಇಳಿಸುತ್ತಾನೆ. ವೀಸಾ ಕ್ಯಾನ್ಸಲ್ ಆಗಿ ಊರಿಗೆ ಹೊರಟವನಿಗೆ ಕಾಯಲು ಸಮಯ ಇರುವುದಿಲ್ಲ. ಸಾಲ ತೀರದೆ ಮುಲ್ಕಿಯ ಹೆಸರು ಬದಲಾಗುವುದಿಲ್ಲ. ಊರಿಗೆ ಸಾಗಿಸೋಣ ಅಂದರೆ, ಆಮದು ಮಾಡುವ ಕಾರಿಗೆ ಬಲಗಡೆ ಸ್ಟಿಯರಿಂಗ್ ಇರಬೇಕು ಅನ್ನುತ್ತದೆ ಭಾರತದ ನಿಯಮ. ಇಲ್ಲಿಯ ಎಡಗಡೆ ಸ್ಟಿಯರಿಂಗ್ ಕಾರು ಅಲ್ಲಿ ನಡೆಯುವುದಿಲ್ಲ. ಹಾಕಿದ ಹಣ ಇಲ್ಲೇ ಉಳಿಯುತ್ತದೆ.

ಹೊಸ ಕಾರಿಗೆ ಮೂರು ವರ್ಷ ಪಾಸಿಂಗ್ ಇಲ್ಲ, ಆಮೇಲೆ ಪ್ರತಿ ವರ್ಷ. ಪಾಸಿಂಗ್ ದಿನಕ್ಕೆ ಹಳೇ ಸೈಲೆನ್ಸರ್ ಹಾಕಿಸಿ, ಮರುದಿನ ಮತ್ತೆ ತೆಗೆಸುವವರಿದ್ದಾರೆ. ಎರಡು ಸಲದ ಕೂಲಿಯನ್ನೂ ಲೆಕ್ಕಕ್ಕೆ ಸೇರಿಸಿ.

ಶಕ್ತಿ ಬೇಕೇ ಬೇಕು ಅನ್ನುವವರಿಗೆ

ನಿಸಾನ್ ಜಿಟಿ-ಆರ್ 2007ರಲ್ಲಿ ಬಂದಾಗಲೇ ಅದರ 3.8 ಲೀಟರ್ ಟ್ವಿನ್ ಟರ್ಬೊ ಇಂಜಿನ್‌ಗೆ 480 ಅಶ್ವಶಕ್ತಿ ಇತ್ತು. ಶೇಖ್ ಝಾಯೆದ್ ರಸ್ತೆಯ ಮಿತಿ ಗಂಟೆಗೆ 100ರಿಂದ 120 ಕಿ.ಮೀ. ಸ್ಟಾಕ್ ಕಾರಿನ ಅರ್ಧ ಶಕ್ತಿಯೂ ರಸ್ತೆಯಲ್ಲಿ ಖರ್ಚಾಗುವುದಿಲ್ಲ. ಮಿತಿಗಿಂತ 80 ಕಿ.ಮೀ. ಮೀರಿ ಓಡಿಸಿದರೆ 3,000 ದಿರ್ಹಂ, 23 ಪಾಯಿಂಟ್, 60 ದಿನ ಜಪ್ತಿ.

ವೇಗದ ಆಸೆ ತೀರಿಸಲು ದುಬೈ ಆಟೋಡ್ರೋಮ್ ಇದೆ, ಅಬುಧಾಬಿಯಲ್ಲಿ ಯಾಸ್ ಮರೀನಾ ಸರ್ಕ್ಯೂಟ್ ಇದೆ. ಅಲ್ಲಿಯೂ ಎಚ್ಚರ, ಸಾಮಾನ್ಯ ಮೋಟಾರ್ ಪಾಲಿಸಿ ರೇಸ್ ಹಾನಿಗೆ ಅನ್ವಯಿಸುವುದಿಲ್ಲ.

ಸ್ಟಾಕ್ ಆಗಿಟ್ಟೇ ಕಾರನ್ನು ಚೆನ್ನಾಗಿಡಲು ದಾರಿ ಇದೆ. ಸರಿಯಾದ ಅಳತೆಯ ಒಳ್ಳೆಯ ಟಯರ್ ಹಾಕಿಸಿ (ಪಕ್ಕದಲ್ಲಿರುವ ನಾಲ್ಕಂಕಿ ನೋಡಿ, 2423 ಅಂದರೆ 2023ರ 24ನೇ ವಾರದ ತಯಾರಿ), ಒಳ್ಳೆಯ ಬ್ರೇಕ್ ಪ್ಯಾಡ್, ಸಮಯಕ್ಕೆ ಆಯಿಲ್, ಕಂಪನಿ ಹೇಳಿದ ಪೆಟ್ರೋಲ್. ಬಣ್ಣ ಕಾಪಾಡುವ ಪಾರದರ್ಶಕ ಫಿಲ್ಮ್ ಹಾಕಿಸಿದರೆ ಮಾರುವಾಗಲೂ ಲಾಭ.

ಹಣ ಕೊಡುವ ಮೊದಲು ಐದು ಪ್ರಶ್ನೆ

1. ಈ ಬದಲಾವಣೆಗೆ ಆರ್‌ಟಿಎ ಅನುಮತಿ ಕಾಗದ ಸಿಗುತ್ತದೆಯೇ?
2. ಇನ್ಶೂರೆನ್ಸ್ ಕಂಪನಿ ಬರವಣಿಗೆಯಲ್ಲಿ ಒಪ್ಪಿದೆಯೇ?
3. ಬಿಚ್ಚಿದ ಒರಿಜಿನಲ್ ಭಾಗಗಳನ್ನು ಇಡಲು ಜಾಗ ಇದೆಯೇ?
4. ಸಾಲವಿಲ್ಲದೆ, ಊರಿಗೆ ಕಳಿಸುವ ಹಣ ಕಡಿಮೆ ಮಾಡದೆ ಇದು ಆಗುತ್ತದೆಯೇ?
5. ನಾಳೆ ವೀಸಾ ಮುಗಿದರೆ ಒಂದು ತಿಂಗಳಲ್ಲಿ ಈ ಕಾರು ಮಾರಬಹುದೇ?

ಯಾರೋ ಮಾಡಿಫೈ ಮಾಡಿದ ಕಾರನ್ನು ಕೊಳ್ಳುವವರೂ ಇದೇ ಪ್ರಶ್ನೆ ಕೇಳಬೇಕು, ಏಕೆಂದರೆ ಹೆಸರು ಬದಲಾದ ಮೇಲೆ ಮುಖಾಲಫ ಬರುವುದು ನಿಮ್ಮ ಲೈಸೆನ್ಸ್‌ಗೆ. ಐದಕ್ಕೂ ಹೌದು ಅಂತ ಉತ್ತರ ಬಂದರೆ ಧೈರ್ಯವಾಗಿ ಮಾಡಿಸಿ, ದುಡಿದ ಹಣ, ನಿಮ್ಮ ಖುಷಿ. ಮೊದಲ ಎರಡಕ್ಕೆ ಇಲ್ಲ ಅಂತ ಬಂದರೆ ಮುಂದಿನ ಮೂರನ್ನು ನೋಡುವ ಅಗತ್ಯವೇ ಇಲ್ಲ.