ಕನ್ನಡ ವೈದ್ಯ ಮತ್ತು ಜೀವವಿಜ್ಞಾನ ಪರಿಭಾಷೆ

ರೋಗ, ಅಂಗ, ಔಷಧ, ಗಿಡಮರ, ಪ್ರಾಣಿಗಳನ್ನು ಹೆಸರಿಸಲು ಶಾಸ್ತ್ರ ಬರೆಯುವವರೂ ಚಿಕಿತ್ಸೆ ಮಾಡುವವರೂ ಒಪ್ಪಿಕೊಂಡು ಬಳಸುವ ಪದಗಳೇ ಈ ಪರಿಭಾಷೆ. ಒಂದು ಪದ ಎಲ್ಲಿ ಬಂದರೂ ಅದಕ್ಕೆ ಒಂದೇ ಅರ್ಥವಿರಬೇಕು ಎಂಬುದು ಇದರ ಮೂಲ ನಿಯಮ. ಕನ್ನಡದಲ್ಲಿ ಇದರ ಚರಿತ್ರೆಗೆ ಸಾವಿರ ವರ್ಷ ತುಂಬಿದೆ.

11ನೆಯ ಶತಮಾನದ ಇಮ್ಮಡಿ ಚಾವುಂಡರಾಯನ ‘ಲೋಕೋಪಕಾರ’ದಲ್ಲಿ ಮರಗಿಡಗಳ ಆರೈಕೆಯೂ ದನಗಳ ಕಾಯಿಲೆಯೂ ಬಂದಿವೆ. ಚಾಲುಕ್ಯ ಮನೆತನದ ಕೀರ್ತಿವರ್ಮ ‘ಗೋವೈದ್ಯ’ ಬರೆದ. 12ನೆಯ ಶತಮಾನದ ಜಗದ್ದಳ ಸೋಮನಾಥ ಪೂಜ್ಯಪಾದರ ಸಂಸ್ಕೃತ ಗ್ರಂಥವನ್ನು ಆಧರಿಸಿ ‘ಕರ್ಣಾಟಕ ಕಲ್ಯಾಣಕಾರಕ’ ರಚಿಸಿದ. 14ನೆಯ ಶತಮಾನದ ಒಂದನೆಯ ಮಂಗರಾಜನ ‘ಖಗೇಂದ್ರಮಣಿದರ್ಪಣ’ ವಿಷಚಿಕಿತ್ಸೆಯ ಗ್ರಂಥ. ಗಿಡ, ಖನಿಜಗಳ ವಿಷವನ್ನು ಸ್ಥಾವರವೆಂದೂ ಹಾವು, ಚೇಳುಗಳ ವಿಷವನ್ನು ಜಂಗಮವೆಂದೂ ಬೇರೆ ಮಾಡುವ ಪದ್ಧತಿ ಅದರಲ್ಲಿದೆ. ಈ ಗ್ರಂಥಗಳಲ್ಲಿ ವಾತ, ಪಿತ್ತ, ಕಫದಂಥ ಸಂಸ್ಕೃತ ಪದಗಳ ಮಗ್ಗುಲಲ್ಲೇ ಬೇನೆ, ಬಾವು, ಕೆಮ್ಮು, ಹುಣ್ಣುಗಳಂಥ ಮನೆಮಾತುಗಳು ಬರುತ್ತವೆ. ಅಂದಿನವರಿಗೆ ಇವೆರಡರ ನಡುವೆ ಗೋಡೆ ಕಾಣಲಿಲ್ಲ. ನಮ್ಮ ಪರಿಭಾಷೆಯ ಆರೋಗ್ಯಕರ ಕಾಲ ಅದು ಎಂದೇ ಹೇಳಬೇಕು.

ಯುರೋಪಿನ ವಿಜ್ಞಾನ ಬಂದಮೇಲೆ ಬೇರೊಂದು ಬಗೆಯ ಹೆಸರಿಡುವಿಕೆ ಬಂತು. ಸ್ವೀಡನ್ನಿನ ಸಸ್ಯಶಾಸ್ತ್ರಜ್ಞ ಲಿನೇಯಸ್ 1753ರಲ್ಲಿ ಸಸ್ಯಗಳಿಗೂ 1758ರಲ್ಲಿ ಪ್ರಾಣಿಗಳಿಗೂ ಎರಡು ಪದಗಳ ಲ್ಯಾಟಿನ್ ಹೆಸರಿನ ಕ್ರಮವನ್ನು ನೆಲೆಗೊಳಿಸಿದ್ದ. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಪ್ರಕಟಿಸಿದ ಕಿಟ್ಟೆಲ್ ನಿಘಂಟು ಕನ್ನಡದ ಗಿಡಮರಗಳ ಹೆಸರಿನೆದುರು ಈ ಲ್ಯಾಟಿನ್ ಹೆಸರುಗಳನ್ನು ಕೊಟ್ಟಿತು. ಊರಿಗೊಂದು ಹೆಸರಿನ ಗಿಡಕ್ಕೆ ಗುರುತಿನ ಗೂಟ ಸಿಕ್ಕಿದ್ದು ಹೀಗೆ.

ಕನ್ನಡದ ಪದ ಲ್ಯಾಟಿನ್ನಿಗೆ ಹೋದದ್ದೂ ಉಂಟು. ಮೈಸೂರು ಸೀಮೆಯ ಕಾಫಿ ಎಲೆಗಳನ್ನು ಕೊಳೆಸುತ್ತಿದ್ದ ಶಿಲೀಂಧ್ರಕ್ಕೆ ಇಂಗ್ಲೆಂಡಿನ ಶಿಲೀಂಧ್ರತಜ್ಞ ಕುಕ್ 1876ರಲ್ಲಿ ‘ಪೆಲ್ಲಿಕ್ಯುಲೇರಿಯಾ ಕೊಳೆರೋಗ’ ಎಂದು ಹೆಸರಿಟ್ಟ. 1958ರಲ್ಲಿ ಡಾಂಕ್ ಎಂಬ ವಿಜ್ಞಾನಿ ‘ಕೊಳೆರೋಗ’ ಎಂಬುದನ್ನೇ ಒಂದು ಕುಲದ ಹೆಸರು ಮಾಡಿದ. ತೋಟದ ಆಳುಗಳ ಬಾಯಿಮಾತು ಜಗತ್ತಿನ ಸಸ್ಯರೋಗಶಾಸ್ತ್ರಕ್ಕೆ ಸೇರಿತು.

ಇಲ್ಲಿ ಒಂದು ತೊಡಕೂ ಇದೆ. ಮಲೆನಾಡಿನವರು ಅಡಿಕೆ ಉದುರಿಸುವ ಕಾಯಿಲೆಗೂ ಕೊಳೆರೋಗ ಎಂದೇ ಅನ್ನುತ್ತಾರೆ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯ ಲೆಸ್ಲಿ ಕೋಲ್ಮನ್ 1910ರಲ್ಲಿ ಆ ರೋಗದ ಮೇಲೆ ವರದಿ ಪ್ರಕಟಿಸಿದರು. ಗೊನೆಗಳಿಗೆ ಬೋರ್ಡೋ ದ್ರಾವಣ ಸಿಂಪಡಿಸುವ ಪದ್ಧತಿಯನ್ನು ರೂಢಿಗೆ ತಂದರು. ಅಡಿಕೆಯಲ್ಲಿ ರೋಗ ತರುವುದು ಫೈಟಾಫ್ತೊರ ಎಂಬ ಸೂಕ್ಷ್ಮಜೀವಿ. ಕಾಫಿಯ ಶಿಲೀಂಧ್ರಕ್ಕೂ ಅದಕ್ಕೂ ನಂಟಿಲ್ಲ. ರೈತ ಕಣ್ಣಿಗೆ ಕಂಡ ಲಕ್ಷಣದಿಂದ ಹೆಸರಿಡುತ್ತಾನೆ, ವಿಜ್ಞಾನ ಕಾರಣದಿಂದ ಹೆಸರಿಡುತ್ತದೆ. ವೈದ್ಯ ಪರಿಭಾಷೆಯ ಬಹುಪಾಲು ಜಗಳ ಇದೇ ಸಂದಿನಲ್ಲಿ ಹುಟ್ಟಿದ್ದು.

ಹೊಸ ಜೀವವಿಜ್ಞಾನವನ್ನು ಕನ್ನಡಕ್ಕೆ ತಂದವರಲ್ಲಿ ಮೊದಲು ನೆನೆಯಬೇಕಾದವರು ತುಮಕೂರು ಸೀಮೆಯ ಬೆಳ್ಳಾವೆ ವೆಂಕಟನಾರಣಪ್ಪ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಅವರು ಕಲಿಸುತ್ತಿದ್ದದ್ದು ಭೌತವಿಜ್ಞಾನ. ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೊಡನೆ 1918ರಲ್ಲಿ ‘ವಿಜ್ಞಾನ’ ಮಾಸಪತ್ರಿಕೆ ಆರಂಭಿಸಿದರು. ಪತ್ರಿಕೆ ಬಹುಕಾಲ ಬಾಳಲಿಲ್ಲ, ಆದರೆ ಪ್ರತಿ ಸಂಚಿಕೆಗೂ ಹೊಸ ಪದ ಹುಡುಕಬೇಕಾದ ಕೆಲಸವೇ ಪರಿಭಾಷೆಯ ಕಮ್ಮಟವಾಯಿತು. 1937ರ ಜಮಖಂಡಿ ಸಾಹಿತ್ಯ ಸಮ್ಮೇಳನಕ್ಕೆ ಅವರು ಅಧ್ಯಕ್ಷರಾದರು. 1939ರಲ್ಲಿ ಅವರ ‘ಜೀವವಿಜ್ಞಾನ’ ಹೊರಬಂತು. ಪಂಪಭಾರತವನ್ನು ಸಂಪಾದಿಸಿದ ಕೈಯೇ ಜೀವಕೋಶದ ಪಾಠವನ್ನೂ ಬರೆದದ್ದು ಆಕಸ್ಮಿಕವಲ್ಲ. ಹಳಗನ್ನಡ ಬಲ್ಲವರಿಗೆ ಪದದ ಬೇರು ಎಲ್ಲಿದೆಯೆಂದು ತಿಳಿದಿತ್ತು.

ಮೈಸೂರು ವಿಶ್ವವಿದ್ಯಾನಿಲಯದ ಇಂಗ್ಲಿಷ್–ಕನ್ನಡ ನಿಘಂಟು 1946ರಲ್ಲಿ ಬಂತು. ಕೇಂದ್ರ ಸರ್ಕಾರ ವೈಜ್ಞಾನಿಕ ಮತ್ತು ತಾಂತ್ರಿಕ ಪರಿಭಾಷಾ ಆಯೋಗವನ್ನು 1961ರಲ್ಲಿ ರಚಿಸಿತು. ಮೂಲವಸ್ತು, ಮಾನಗಳು, ಲ್ಯಾಟಿನ್ ದ್ವಿನಾಮಗಳನ್ನು ಹಾಗೆಯೇ ಇಟ್ಟುಕೊಂಡು ಉಳಿದವಕ್ಕೆ ಹೆಚ್ಚಾಗಿ ಸಂಸ್ಕೃತದಿಂದ ಪದ ಕಟ್ಟುವುದು ಅದರ ನೀತಿ. ಶಿವರಾಮ ಕಾರಂತರ ‘ವಿಜ್ಞಾನ ಪ್ರಪಂಚ’, 1969ರಿಂದ ಸಂಪುಟಗಳಾಗಿ ಬಂದ ಕನ್ನಡ ವಿಶ್ವಕೋಶ, 1980ರಲ್ಲಿ ಹುಟ್ಟಿದ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ಪದಗಳನ್ನು ಓದುಗರವರೆಗೆ ಒಯ್ದವು.

ಕಟ್ಟಿದ ಪದಗಳ ಭಾಗ್ಯ ಒಂದೇ ತೆರನಾಗಿಲ್ಲ. ‘ಅರಿವಳಿಕೆ’ ಕೇಳಿದೊಡನೆ ಅರ್ಥವಾಗುತ್ತದೆ, ಅರಿವು ಅಳಿಯುವುದು. ಇದಕ್ಕಿಂತ ಚೆನ್ನಾದ ವೈದ್ಯಪದ ನಮ್ಮಲ್ಲಿಲ್ಲ. ಲಸಿಕೆ, ಸೋಂಕು, ರಕ್ತದೊತ್ತಡ ಗೆದ್ದವು. ‘ಆಮ್ಲಜನಕ’ ಫ್ರೆಂಚ್ ರಸಾಯನಶಾಸ್ತ್ರಜ್ಞ ಲಾವೊಸಿಯೆ ಕೊಟ್ಟ ಹೆಸರಿನ ಅನುವಾದ. ಎಲ್ಲ ಆಮ್ಲಗಳಲ್ಲೂ ಆ ಅನಿಲ ಇರುತ್ತದೆಂಬ ಅವನ ಎಣಿಕೆ ತಪ್ಪಾದರೂ ಪದ ಉಳಿಯಿತು. ನೈಟ್ರೋಜನ್‌ಗೆ ‘ಸಾರಜನಕ’ ಎಂದು, ಅದನ್ನು ಒಳಗೊಂಡ ಪ್ರೋಟೀನಿಗೆ ‘ಸಸಾರಜನಕ’ ಎಂದು ಕರೆದದ್ದು ತರ್ಕಕ್ಕೆ ಸರಿ, ಕಿವಿಗೆ ತಪ್ಪು. ಒಂದೇ ಅಕ್ಷರದ ಅಂತರದಲ್ಲಿ ಮಕ್ಕಳು ಎಡವಿದರು. ಅಪಧಮನಿ, ಅಭಿಧಮನಿಗಳದೂ ಅದೇ ಪಾಡು. ಹೃದಯದಿಂದ ರಕ್ತ ಒಯ್ಯುವ ನಾಳ, ಹೃದಯಕ್ಕೆ ತರುವ ನಾಳ ಎಂಬ ಜೀವನ್ಮರಣದ ವ್ಯತ್ಯಾಸವನ್ನು ಒಂದು ಅಕ್ಷರದ ಮೇಲೆ ನಿಲ್ಲಿಸಬಾರದಿತ್ತು.

ಜನರ ಮಾತು ಮಾತ್ರ ಸಾಕೆಂದೂ ಹೇಳುವಂತಿಲ್ಲ. ಊರಲ್ಲಿ ರಕ್ತನಾಳವೂ ‘ನರ’, ಪಾಠಪುಸ್ತಕದ ನರವೂ ‘ನರ’. ಪತ್ರಿಕೆಗಳಲ್ಲಿ ಹೃದಯಾಘಾತ, ಹೃದಯಸ್ತಂಭನ ಅದಲುಬದಲಾಗುತ್ತವೆ. ಮೊದಲನೆಯದು ಹೃದಯದ ಸ್ನಾಯುವಿಗೆ ರಕ್ತದ ಹರಿವು ಕಟ್ಟಿಹೋಗುವುದು, ಎರಡನೆಯದು ಬಡಿತವೇ ನಿಲ್ಲುವುದು. ಎದೆನೋವನ್ನು ‘ಗ್ಯಾಸ್ಟ್ರಿಕ್’ ಎಂದುಕೊಂಡು ಮನೆಯಲ್ಲೇ ಉಳಿದು ಜೀವ ಕಳೆದುಕೊಂಡವರು ಉಂಟು.

1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು, ಜನ ಜ್ವರದಿಂದ ಮಲಗಿದಾಗ ವಿಜ್ಞಾನಿಗಳು ಆ ರೋಗಕ್ಕೆ ಕಾಡಿನ ಹೆಸರಿಟ್ಟರು. ಜನ ‘ಮಂಗನ ಕಾಯಿಲೆ’ ಎಂದರು. ವೈರಸ್ಸನ್ನು ಹರಡುವುದು ಉಣ್ಣೆ. ಮಂಗ ಮನುಷ್ಯನಂತೆಯೇ ಅದಕ್ಕೆ ಬಲಿ. ಹೊಸ ರೋಗಗಳಿಗೆ ಊರು, ಪ್ರಾಣಿ, ಜನಾಂಗಗಳ ಹೆಸರಿಡಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಸೂಚಿಸಿತು. ರೋಗಿಯ ಮಾನವನ್ನು ಕಾಯುವ ಈ ಕೆಲಸವನ್ನು ಕನ್ನಡದಲ್ಲಿ ವೈದ್ಯಬರಹಗಾರರು ಮೊದಲೇ ಮಾಡುತ್ತ ಬಂದಿದ್ದರು. ಎಂ. ಶಿವರಾಂ, ಸಿ.ಆರ್. ಚಂದ್ರಶೇಖರ್ ಅವರು ‘ಹುಚ್ಚು’ ಎಂಬ ಬೈಗುಳದ ಜಾಗದಲ್ಲಿ ಮನಸ್ಸಿನ ಕಾಯಿಲೆಯ ಮಾತನ್ನು ತಂದರು. ಅನುಪಮಾ ನಿರಂಜನ ಬಸಿರು, ಹೆರಿಗೆ, ಮುಟ್ಟುಗಳ ಬಗ್ಗೆ ಹೆಣ್ಣುಮಕ್ಕಳು ನಾಚದೆ ಓದಬಲ್ಲ ಕನ್ನಡ ಬರೆದರು. ಸಮಿತಿಗಳು ಮಾಡಲಾರದ್ದನ್ನು ಇವರ ಪುಸ್ತಕಗಳು ಮಾಡಿದವು.

ಜನಪದವೇ ಪರಿಭಾಷೆಯಾದ ಕ್ಷೇತ್ರ ಪಶುವೈದ್ಯ. ಕಾಲುಬಾಯಿ ಜ್ವರ, ಚಪ್ಪೆ ರೋಗ, ಗಳಲೆ ರೋಗ, ಕಂದು ರೋಗ, ಕೆಚ್ಚಲು ಬಾವು, ಕುರಿಗಳ ಕರುಳು ಬೇನೆ: ಇಲಾಖೆಯ ಕರಪತ್ರದಲ್ಲೂ ಹಟ್ಟಿಯಲ್ಲೂ ಇವೇ ಹೆಸರು. ನೀಲಿ ನಾಲಿಗೆ ಹೊರಗಿನ ಹೆಸರಿನ ಅನುವಾದವಾದರೂ ಕಂಡದ್ದನ್ನೇ ಹೇಳುವುದರಿಂದ ನಿಂತಿತು. ಆದರೆ ‘ದೊಡ್ಡ ರೋಗ’ ಎಂದರೆ ಕೆಲವೆಡೆ 2011ರಲ್ಲಿ ಜಗತ್ತಿನಿಂದಲೇ ತೊಲಗಿದ ರಿಂಡರ್‌ಪೆಸ್ಟ್, ಕೆಲವೆಡೆ ಇನ್ನೂ ಉಳಿದಿರುವ ನೆರಡಿ (ಆಂಥ್ರಾಕ್ಸ್). ನೆರಡಿ ಮನುಷ್ಯರಿಗೂ ಅಂಟುತ್ತದೆ. ಅದರಿಂದ ಸತ್ತ ದನವನ್ನು ಕೊಯ್ಯಕೂಡದು. ಹೆಸರು ತಪ್ಪಿದರೆ ಸಾಯುವುದು ದನ ಮಾತ್ರವಲ್ಲ.

ಈ ಗೊಂದಲ ಬಿಡಿಸುವ ಕೆಲಸಕ್ಕೆ ತಕ್ಕ ನೆಲವೊಂದಿದೆ: ತುಮಕೂರು ಜಿಲ್ಲೆಯ ಶಿರಾದ ಹುಲಿಕುಂಟೆ ಹೋಬಳಿ, ಮಧುಗಿರಿ, ಕೊರಟಗೆರೆ, ಪಾವಗಡದ ಬಯಲು ಕುರಿ ಸಾಕುವ ನಾಡು. ಇಲ್ಲಿ ದುಡಿಯುವ ಪಶುವೈದ್ಯರು ಕುರಿಗಾರರು ಹೇಳುವ ರೋಗದ ಹೆಸರುಗಳನ್ನು ಲಕ್ಷಣ, ಋತು, ಊರುಗಳ ಸಮೇತ ಬರೆದಿಡಬೇಕು. ಅದರೆದುರು ಪ್ರಯೋಗಾಲಯ ಖಚಿತಪಡಿಸಿದ ರೋಗಕಾರಕದ ಹೆಸರನ್ನೂ ದಾಖಲಿಸಬೇಕು. ಮುಂದಿನ ಕನ್ನಡ ವೈದ್ಯನಿಘಂಟಿನ ಕೆಲಸ ಅಲ್ಲಿಂದ ಶುರುವಾಗಲಿ.